ಕಾರಿನ ಕಣ್ಣಿಗೆ ಕಾಡಿಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಸೀಟ್ ಕವರ್ ಕೇಳಲು ಹೋಗಿದ್ದೆ. ಅಂಗಡಿಯ ಹುಡುಗ ಕೇಳದೇ ಇದ್ದದ್ದನ್ನೂ ತಂದ: ಕಪ್ಪು ಪ್ಲಾಸ್ಟಿಕ್ಕಿನ ಎರಡು ಬಾಗಿದ ಪಟ್ಟಿ, ಹಿಂಬದಿಗೆ ಅಂಟಿನ ಟೇಪು. ಹೆಡ್‌ಲೈಟಿನ ಮೇಲಂಚಿಗೆ ಹಿಡಿದು ತೋರಿಸಿದ. ನನ್ನ ಸಾಧು ಕಾರು ಹುಬ್ಬು ಗಂಟಿಕ್ಕಿ ನಿಂತಿತು. ‘ಲುಕ್ಕೇ ಬೇರೆ ಸರ್’ ಎಂದ. ಸುಳ್ಳಲ್ಲ. ‘ಬೆಳಕು ಕಡಿಮೆ ಆಗಲ್ವೇನಪ್ಪಾ?’ ಎಂದೆ. ‘ಮೇಲ್ಗಡೆ ತಾನೇ ಮುಚ್ಚೋದು? ಎದುರಿನವರ ಕಣ್ಣಿಗೂ ಹೊಡೆಯಲ್ಲ.’

ಈ ‘ಮೇಲ್ಗಡೆ ತಾನೇ’ ಎಂಬ ನಂಬಿಕೆ ಆ ಹುಡುಗನಿಗಿಂತ ಬಹಳ ಹಳೆಯದು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ, ವಿಮಾನಗಳ ಕಣ್ಣಿಗೆ ಬೀಳಬಾರದೆಂದು ಬ್ರಿಟನ್ನಿನ ಕಾರುಗಳ ದೀಪಗಳಿಗೆ ಮುಖವಾಡ ಬಂತು. ಸೀಳುಗಳ ಮೂಲಕ ಒಂದಿಷ್ಟು ಬೆಳಕು ನೆಲಕ್ಕೆ ಬಿದ್ದರೆ ಅದೇ ಪುಣ್ಯ. ಬಾಂಬು ಬೀಳುವ ಮೊದಲೇ ಜನ ಕತ್ತಲ ರಸ್ತೆಗಳಲ್ಲಿ ಸತ್ತರು. ಆ ತಿಂಗಳ ರಸ್ತೆ ಸಾವು ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. 1965 ಮತ್ತು 1971ರಲ್ಲಿ ನಮ್ಮ ಊರುಗಳಲ್ಲೂ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಸಿದರು. ಯುದ್ಧ ಮುಗಿದರೂ ಕಪ್ಪು ಹೋಗಲಿಲ್ಲ. ಕಣ್ಣು ಕುಕ್ಕದಿರಲಿ ಎಂದು ದೀಪದ ಮಧ್ಯಕ್ಕೆ ಪೊಲೀಸರೇ ಕಪ್ಪು ಬೊಟ್ಟು ಅಂಟಿಸುತ್ತಿದ್ದ ದಿನಗಳು ಎಷ್ಟೋ ಓದುಗರಿಗೆ ನೆನಪಿರಬೇಕು.

ತಮಾಷೆ ಇರುವುದು ಇಲ್ಲೇ. ನಮ್ಮ ಎಷ್ಟೋ ಕಾರು, ಬೈಕುಗಳಲ್ಲಿ ಇವತ್ತಿಗೂ ಇರುವ ಎಚ್4 ಬಲ್ಬನ್ನು ಬಿಚ್ಚಿ ಕೈಯಲ್ಲಿ ಹಿಡಿಯಿರಿ (ಗಾಜಿಗೆ ಬೆರಳು ತಾಗಿಸಬೇಡಿ). ಒಳಗೆ ಎರಡು ಫಿಲಮೆಂಟ್. ಅದರಲ್ಲಿ ಡಿಮ್‌ಗೆ ಉರಿಯುವುದರ ಕೆಳಗೆ ಚಮಚದಂಥ ಪುಟ್ಟ ತಗಡು. ಬೆಳಕು ಕೆಳಕ್ಕೆ ಹೋಗದಂತೆ ಅದು ತಡೆಯುತ್ತದೆ. ಹೋಗುವುದೆಲ್ಲ ಮೇಲಕ್ಕೆ, ರಿಫ್ಲೆಕ್ಟರಿನ ಮೇಲರ್ಧಕ್ಕೆ. ಅಲ್ಲಿ ತಾಗಿ, ಇಳಿಮುಖವಾಗಿ ರಸ್ತೆಗೆ ಬೀಳುತ್ತದೆ. ಅಂದರೆ ಡಿಮ್ ಬೆಳಕು ಹೊರಬರುವ ಬಾಗಿಲೇ ದೀಪದ ಮೇಲರ್ಧ. ನಾವು ಕಪ್ಪು ಬಳಿದದ್ದು, ಈಗ ಹುಬ್ಬು ಅಂಟಿಸುತ್ತಿರುವುದು, ಸರಿಯಾಗಿ ಅದರ ಮೇಲೆ! ಡಿಮ್ ಮಂಕಾದವನು ಏನು ಮಾಡುತ್ತಾನೆ? ಹೈ ಬೀಮ್ ಹಾಕಿಕೊಂಡೇ ಓಡಿಸುತ್ತಾನೆ.

ಅಂದಕ್ಕಾಗಿ ಮುಚ್ಚುವುದನ್ನು ಕಲಿಸಿದ್ದು ಬೇರೆಯೇ ಪರಂಪರೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಕಾರಿನ ದೀಪಗಳ ಮೇಲೆ ಇಳಿಜಾರು ಗಾಜು. ಗಾಳಿ ಜಾರಿಹೋಗಲೆಂದು ಮಾಡಿದ್ದು, ನೋಡುವವರ ಮನಸ್ಸೂ ಜಾರಿತು. 1967ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಇನ್ನೂ ಮುಂದೆ ಹೋಯಿತು: ಗಾಜಿನ ಹಿಂದೆ ಜೋಡಿ ದೀಪ, ಸ್ಟೀರಿಂಗ್ ತಿರುಗಿಸಿದರೆ ಒಳಗಿನ ದೀಪವೂ ತಿರುವಿನತ್ತ ಹೊರಳುತ್ತಿತ್ತು. ಅಮೆರಿಕ ಮಾತ್ರ ಒಪ್ಪಲಿಲ್ಲ. ಅಲ್ಲಿನ ನಿಯಮದಿಂದಾಗಿ ಜಾಗ್ವಾರ್ ಗಾಜು ಕಳಚಿತು. ಅಲ್ಲಿ ಮಾರಿದ ಡಿಎಸ್‌ಗೆ ಗಾಜೂ ಇಲ್ಲ, ಹೊರಳುವ ಕಣ್ಣೂ ಇಲ್ಲ. ಚೆಂದಗೇಡಿ ನಿಯಮ ಅಂತ ಕಾರುಪ್ರೇಮಿಗಳು ಇಂದಿಗೂ ಬೈಯುತ್ತಾರೆ, ಆದರೆ ಅದರಲ್ಲಿ ಅರ್ಥವಿತ್ತು. ಸ್ವಚ್ಛ ಗಾಜಿನ ಒಂದೊಂದು ಮೈಯೂ ನೇರ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆಸೆಯುತ್ತದೆ. ಎರಡು ಮೈ ಸೇರಿ ಶೇ 8. ಗಾಜು ತೀರಾ ಓರೆಯಾದರೆ ನಷ್ಟ ಇನ್ನೂ ಹೆಚ್ಚು. ಒಳಗೆ ಧೂಳು, ತೇವ ಸೇರಿದರೆ ಬೆಳಕಿನ ಅಂಚು ಒಡೆದು ಚೆದುರುತ್ತದೆ. ಎದುರಿನವನ ಕಣ್ಣಿಗೆ ಹೊಡೆಯುವುದು ಈ ಚೆದುರಿದ ಬೆಳಕೇ.

ಆಮೇಲೆ ಪಾಲಿಕಾರ್ಬೊನೇಟ್ ಬಂತು. ಈಗಿನ ಕಾರುಗಳಲ್ಲಿ ಹೊರಗೆ ಕಾಣುವುದೇ ಒಂದು ಮುಚ್ಚಳ. ಬೆಳಕನ್ನು ತಿದ್ದುವ ಕೆಲಸವೆಲ್ಲ ಅದರ ಹಿಂದೆ ನಡೆಯುತ್ತದೆ. ನಾಲ್ಕಾರು ವರ್ಷದ ಬಿಸಿಲಿಗೆ ಅದೇ ಹಳದಿ ತಿರುಗಿ ಪೊರೆ ಬಂದ ಕಣ್ಣಿನಂತಾಗುತ್ತದೆ. ಅದರ ಮೇಲೆ ಹೊಗೆಬಣ್ಣದ ಫಿಲ್ಮ್ ಅಂಟಿಸುವವರಿಗೆ ಏನು ಹೇಳುವುದು? ಅಂಚಿನ ಸುತ್ತ ಕೂರುವ ಕ್ರೋಮ್ ಬಳೆಯ ಬಗ್ಗೆ ನನ್ನ ತಕರಾರಿಲ್ಲ. ಅದು ಬೆಳಕಿನ ದಾರಿಗೆ ಬರುವುದಿಲ್ಲ.

ಹುಬ್ಬು ಬೇಕೇ ಬೇಕೆನ್ನುವವರು ಟೇಪಿನ ಕಾಗದ ಸುಲಿಯುವ ಮೊದಲು ಒಂದು ಕೆಲಸ ಮಾಡಿ. ರಾತ್ರಿ ಕಾಂಪೌಂಡ್ ಗೋಡೆಯಿಂದ ಹತ್ತು ಹೆಜ್ಜೆ ದೂರ ಕಾರು ನಿಲ್ಲಿಸಿ, ಡಿಮ್ ಹಾಕಿ. ಮನೆಯವರೊಬ್ಬರು ಪಟ್ಟಿಯನ್ನು ದೀಪದ ಮೇಲೆ ಹಿಡಿದು, ತೆಗೆದು ಮಾಡಲಿ. ನೀವು ಕಾರನ್ನು ನೋಡಬೇಡಿ, ಗೋಡೆಯನ್ನು ನೋಡಿ.