ಎರಡಾದ ಮೇಲೆ ಆಪರೇಷನ್, ಅಲ್ಲಿಯವರೆಗೆ?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗಲು ಹತ್ತು–ಹನ್ನೊಂದು ತಿಂಗಳು ಬೇಕು. ಯಾವಾಗ ಇಳಿಸಬೇಕು, ಯಾವಾಗ ಹರಾಜಿಗೆ ಒಯ್ಯಬೇಕು ಎಂದು ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕುತ್ತಾರೆ. ಮಗು ಯಾವಾಗ ಬೇಕು ಎಂಬ ಮಾತು ಮಾತ್ರ ಯಾವ ಜಗಲಿಯಲ್ಲೂ ಬರುವುದಿಲ್ಲ.

ನನ್ನ ದೊಡ್ಡಪ್ಪನ ಮಗಳಿಗೆ ಬಿ.ಇಡಿ ಸೇರಿದ ವರ್ಷವೇ ಮದುವೆಯಾಯಿತು. ಓದು ಮುಗಿದ ಮೇಲೆ ಮಗು ಎಂದು ಇಬ್ಬರೂ ಅಂದುಕೊಂಡಿದ್ದರಂತೆ. ಅಂದುಕೊಂಡಿದ್ದಷ್ಟೇ. ಏನು ಮಾಡಬೇಕು, ಯಾರನ್ನು ಕೇಳಬೇಕು ಗೊತ್ತಿರಲಿಲ್ಲ. ಎರಡನೇ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಅಕ್ಕನಿಗೆ ಆರು ತಿಂಗಳು. ಈಗ ಮಗುವಿಗೆ ಮೂರು ವರ್ಷ, ಬಿ.ಇಡಿ ಅಲ್ಲೇ ನಿಂತಿದೆ. ಮಗು ಎಂದರೆ ಅಕ್ಕನಿಗೆ ಪ್ರಾಣ, ಅದು ಬೇರೆ ಮಾತು.

ಹಾಗೆ ನೋಡಿದರೆ ಈ ವಿಷಯದಲ್ಲಿ ನಮ್ಮ ಸೀಮೆ ಎಲ್ಲರಿಗಿಂತ ಮುಂದಿತ್ತು. 1930ರಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. 1950ರ ದಶಕದ ಆರಂಭದಲ್ಲಿ ರಾಮನಗರದ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸುತ್ತಾ ‘ಸುರಕ್ಷಿತ ದಿನ’ ಎಣಿಸಲು ಹೇಳಿಕೊಟ್ಟರು. ಆ ಪ್ರಯೋಗ ಫಲ ಕೊಡಲಿಲ್ಲ. ನನಗನ್ನಿಸುವುದಿಷ್ಟು: ಮಣಿ ಕೊಟ್ಟರು, ಆದರೆ ಕೆಂಪು ಮಣಿಯ ರಾತ್ರಿ ಗಂಡನಿಗೆ ‘ಬೇಡ’ ಎನ್ನುವ ಅಧಿಕಾರ ಕೊಡುವವರು ಯಾರು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಲೆಕ್ಕದಲ್ಲಿ ನಾವು ಪಾಸ್. ಆದರೆ ಎಷ್ಟು ಮಕ್ಕಳು ಎನ್ನುವುದು ಒಂದು ಪ್ರಶ್ನೆ, ಯಾವಾಗ ಎನ್ನುವುದು ಇನ್ನೊಂದು. ಅದೇ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರದ್ದು ಶೇ 1 ಕೂಡ ಇಲ್ಲ. ಅಂದರೆ ಎರಡು ಹೆತ್ತ ಮೇಲೆ ಹೆಂಗಸಿಗೆ ಆಪರೇಷನ್. ಅಲ್ಲಿಯವರೆಗೆ ದೇವರಿದ್ದಾನೆ.

ದಾರಿ ಇಲ್ಲ ಎಂದಲ್ಲ. ಆಶಾ ಕಾರ್ಯಕರ್ತೆಯಾಗಿರುವ ನನ್ನ ಚಿಕ್ಕಮ್ಮನ ಬ್ಯಾಗಿನಲ್ಲಿ ನಿರೋಧ್, ಮಾಲಾ–ಎನ್, ಛಾಯಾ ಎಲ್ಲ ಇರುತ್ತವೆ. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ಮಾತ್ರೆ. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಚುಚ್ಚುಮದ್ದು, ಹಳ್ಳಿಯವರು ವಂಕಿ ಎನ್ನುವ ಕಾಪರ್–ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿರೋಧ್ ತಯಾರಿಸುವ ಸರ್ಕಾರಿ ಕಂಪನಿಯ ಒಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ.

“ಬ್ಯಾಗ್ ತುಂಬಾ ಐತೆ ಕಣಪ್ಪ. ಹೊಸ ಸೊಸೆ ಕೈಗೆ ಅತ್ತೆ ಎದುರಿಗೆ ಹೆಂಗ್ ಕೊಡದು? ಮೊದಲು ಒಂದಾಗ್ಲಿ, ಆಮೇಲ್ ನೋಡಣ ಅಂತಾರೆ. ಗಂಡುಹುಡುಗ್ರ ಜೊತೆ ನಾನ್ ಮಾತಾಡಿದ್ರೆ ಊರೇ ನಗ್ತದೆ” ಎನ್ನುತ್ತಾರೆ ಚಿಕ್ಕಮ್ಮ. ಮೆಡಿಕಲ್ ಶಾಪಿನಲ್ಲಂತೂ ಕೇಳುವವನಿಗೂ ಕೊಡುವವನಿಗೂ ನಾಚಿಕೆ, ಪೊಟ್ಟಣಕ್ಕೆ ಎರಡು ಸುತ್ತು ನ್ಯೂಸ್‌ಪೇಪರ್.

ಗಂಡಸರ ಆಪರೇಷನ್ ಎಂದರೆ, “ಆಮೇಲೆ ಮರ ಹತ್ತೋರು ಯಾರು?” ಎಂಬ ಪ್ರಶ್ನೆ ನಮ್ಮ ತೋಟದಲ್ಲಿ ರೆಡಿ ಇರುತ್ತದೆ. ಈ ಭಯಕ್ಕೆ ಕಾರಣವೂ ಇದೆ. ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಮಾಡಿದರು, ಬಹಳ ಕಡೆ ಬಲವಂತವಾಗಿ. ಆದರೆ ಈಗಿನ ಹೊಲಿಗೆಯಿಲ್ಲದ ವಿಧಾನಕ್ಕೆ ಹತ್ತು–ಹದಿನೈದು ನಿಮಿಷ ಸಾಕು, ಅದೇ ದಿನ ಮನೆಗೆ. ಶಕ್ತಿಯೇನೂ ಹೋಗುವುದಿಲ್ಲ. ಮೊದಲ ಮೂರು ತಿಂಗಳು ಮಾತ್ರ ಬೇರೆ ಎಚ್ಚರಿಕೆ ಬೇಕು. ಹೊಟ್ಟೆ ಕೊಯ್ಯಿಸಿಕೊಂಡು ವಾರದೊಳಗೆ ಕಾಯಿ ಆರಿಸಲು ಕೂರುವ ಹೆಂಗಸರನ್ನು ನೋಡಿಯೂ ಮರದ ಮಾತಾಡುತ್ತೇವಲ್ಲ!

ನಮ್ಮ ಕಾಲೇಜಿನಲ್ಲಿ ರೆಡ್ ರಿಬ್ಬನ್ ಕ್ಲಬ್‌ನವರು ಏಡ್ಸ್ ಬಗ್ಗೆ ಹೇಳುತ್ತಾರೆ, ಇದರ ಬಗ್ಗೆ ಇಲ್ಲ. ಮದುವೆ ಛತ್ರದಲ್ಲಿ ಪುರೋಹಿತರ ಪಕ್ಕ ಒಬ್ಬ ನರ್ಸಮ್ಮನೂ ಕೂರಲಿ ಎಂದು ನಾನು ಹೇಳುತ್ತಿಲ್ಲ. ಹಳ್ಳಿಗೆ ಬರುವ ಪುರುಷ ಆರೋಗ್ಯ ಸಹಾಯಕರು ಮದುವೆಯಾದ ಹುಡುಗರನ್ನು ಅರಳಿಕಟ್ಟೆಯಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರೆ ಸಾಕಾದೀತು.

ಕಳೆದ ತಿಂಗಳು ಮದುವೆಯಾದ ನನ್ನ ಗೆಳೆಯ ಮೊನ್ನೆ ಪಕ್ಕಕ್ಕೆ ಕರೆದು, “ನಿಮ್ ಚಿಕ್ಕಮ್ಮನ ನಂಬರ್ ಕೊಡೋ” ಎಂದ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಪಿಎಚ್‌ಸಿಗೆ ಬರಬೇಕು ಎಂದು ಚಿಕ್ಕಮ್ಮ ಹೇಳಿದ್ದಾರೆ. ಶುಕ್ರವಾರ ಹೋಗುತ್ತಾರಂತೆ.