ಬಸುರಿಯ ತೂಕ, ಬಾಣಂತಿಯ ಹಾಲು

ಬಸುರಿನಲ್ಲಿ ತಾಯಿಯ ಮೈಗೆ ಸೇರುವ ತೂಕವೆಲ್ಲ ಕೂಸಿನದಲ್ಲ. ದಿನ ತುಂಬಿದಾಗ ಕೂಸು 3 ಕಿಲೊ ತೂಗುತ್ತದೆ ಎಂದುಕೊಂಡರೆ, ಮಾಸು ಅರ್ಧ ಕಿಲೊಗಿಂತ ತುಸು ಹೆಚ್ಚು, ಗರ್ಭಜಲ ಸುಮಾರು 800 ಗ್ರಾಂ, ಹಿಗ್ಗಿದ ಗರ್ಭಕೋಶ ಹತ್ತಿರ ಹತ್ತಿರ 1 ಕಿಲೊ, ತುಂಬಿಕೊಂಡ ಸ್ತನಗಳು 400 ಗ್ರಾಂ, ಹೆಚ್ಚಿದ ರಕ್ತ ಒಂದೂಕಾಲು ಕಿಲೊ ಇರುತ್ತವೆ. ಇಷ್ಟಕ್ಕೇ 7 ಕಿಲೊ ಆಯಿತು. ಇದರ ಮೇಲೆ ಮೈಯಲ್ಲಿ ನಿಲ್ಲುವ ನೀರು ಒಂದಿಷ್ಟು. ಕೊನೆಯದಾಗಿ ತೊಡೆ, ಸೊಂಟ, ಬೆನ್ನಿನ ಚರ್ಮದಡಿ ಸದ್ದಿಲ್ಲದೆ ಕೂರುವ ಸುಮಾರು 3 ಕಿಲೊ ಕೊಬ್ಬು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಉಳಿದದ್ದೆಲ್ಲ ಇಳಿದುಹೋಗುತ್ತದೆ, ಈ ಕೊಬ್ಬು ಮಾತ್ರ ಉಳಿಯುತ್ತದೆ. ಅದು ಹಾಲಿಗೆಂದು ದೇಹ ಮೊದಲೇ ಕಟ್ಟಿಟ್ಟ ಬುತ್ತಿ.

ಈ ಬುತ್ತಿಯ ಲೆಕ್ಕ ಸರಳ. ತಾಯಿ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲುಣಿಸುತ್ತಾಳೆ. ಅದರಲ್ಲಿ ಕೂಸಿಗೆ ಸಿಗುವುದು 500 ಕ್ಯಾಲರಿ. ಆರು ತಿಂಗಳಿಗೆ ಅದು 90,000 ಕ್ಯಾಲರಿ. ಮೂರು ಕಿಲೊ ಕೊಬ್ಬಿನಲ್ಲಿ 20,000 ಕ್ಯಾಲರಿಗೂ ಹೆಚ್ಚು ಅಡಗಿರುತ್ತದೆ. ಹಾಲಿನ ಕಾಲುಭಾಗದಷ್ಟು ಶಕ್ತಿ ಬಸುರಿನಲ್ಲೇ ಕೂಡಿಟ್ಟದ್ದು ಎಂದಾಯಿತು. ಮಿಕ್ಕದ್ದು ಬಾಣಂತಿಯ ತಟ್ಟೆಯಿಂದ ಬರಬೇಕು. ಅದಕ್ಕಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ಬಸುರಿಗೆ ದಿನಕ್ಕೆ 350 ಕ್ಯಾಲರಿ ಹೆಚ್ಚುವರಿಯಾದರೆ, ಮೊದಲ ಆರು ತಿಂಗಳ ಬಾಣಂತಿಗೆ 600 ಕ್ಯಾಲರಿ. ಹೊಟ್ಟೆಯಲ್ಲಿ ಕೂಸಿರುವಾಗಿನದಕ್ಕಿಂತ ಮಡಿಲಲ್ಲಿ ಇರುವಾಗ ಹಸಿವು ಹೆಚ್ಚುವುದಕ್ಕೆ ಕಾರಣ ಇದೇ. ಆ ಹಸಿವನ್ನು ಯಾರೂ ಹೊಟ್ಟೆಬಾಕತನ ಎನ್ನಬಾರದು.

ನಮ್ಮಲ್ಲಿ ಬಸುರಿ 10ರಿಂದ 12 ಕಿಲೊ ಏರಬೇಕೆಂಬುದು ವಾಡಿಕೆಯ ಸಲಹೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಇದನ್ನು ಬಸುರಿಗೆ ಮೊದಲಿನ ಮೈಕಟ್ಟಿಗೆ ತಕ್ಕಂತೆ ವಿಂಗಡಿಸಿತು: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರುವ ತೆಳು ಮೈಯವಳಿಗೆ 12.5ರಿಂದ 18 ಕಿಲೊ, ಸಾಮಾನ್ಯ ತೂಕದವಳಿಗೆ 11.5ರಿಂದ 16, 30 ದಾಟಿದ ಸ್ಥೂಲಕಾಯದವಳಿಗೆ 5ರಿಂದ 9. ಸೊರಗಿದವಳು ಹೆಚ್ಚು ಏರಬೇಕು, ಮೈತುಂಬಿದವಳಿಗೆ ಕಡಿಮೆ ಸಾಕು. ಭಾರತದಲ್ಲಿ ನಡೆಯುವುದು ಬೇರೆ. ಅರ್ಥಶಾಸ್ತ್ರಜ್ಞೆ ಡಯಾನ್ ಕಾಫಿ 2015ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ ಇಲ್ಲಿ ಬಸುರಿಗೆ ಕಾಲಿಡುವ ಹೆಂಗಸರಲ್ಲಿ ನೂರಕ್ಕೆ 42 ಮಂದಿ ಅಗತ್ಯಕ್ಕಿಂತ ಕಡಿಮೆ ತೂಕದವರು, ಮತ್ತು ಇಡೀ ಬಸುರಿನಲ್ಲಿ ಸೇರುವ ತೂಕ ಸರಾಸರಿ 7 ಕಿಲೊ ಮಾತ್ರ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ಈ ಏಳರ ಅರ್ಥ ತಿಳಿಯುತ್ತದೆ: ಕೂಸು, ಮಾಸು, ಗರ್ಭಜಲ, ರಕ್ತ ಮುಂತಾದವಕ್ಕೇ ಅದು ಸರಿಹೋಯಿತು. ಬುತ್ತಿ ಕಟ್ಟಲು ಏನೂ ಉಳಿಯಲಿಲ್ಲ.

ಬಡತನವೊಂದೇ ಇದಕ್ಕೆ ಕಾರಣವಲ್ಲ. ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ಕರ್ನಾಟಕದ ಕರಾವಳಿಯ ಹಳ್ಳಿಗಳಲ್ಲಿ ಬಸುರಿಯರ ಊಟದ ನಂಬಿಕೆಗಳನ್ನು ಕೇಳಿ ತಿಳಿದು 1983ರಲ್ಲಿ ಪ್ರಕಟಿಸಿದರು. ಹೊಟ್ಟೆಯಲ್ಲಿ ಅನ್ನಕ್ಕೂ ಕೂಸಿಗೂ ಇರುವುದು ಒಂದೇ ಜಾಗ, ತುಂಬ ಉಂಡರೆ ಕೂಸಿಗೆ ಇಕ್ಕಟ್ಟು, ಕೂಸು ದೊಡ್ಡದಾದರೆ ಹೆರಿಗೆ ಕಷ್ಟ ಎಂಬ ಮಾತುಗಳು ಅಲ್ಲಿ ಬಂದವು. ಆಸ್ಪತ್ರೆ ದೂರವಿದ್ದ ಕಾಲಕ್ಕೆ ಹೆರಿಗೆಯ ಭಯ ಸುಳ್ಳಾಗಿರಲಿಲ್ಲ, ಆ ತಾಯಂದಿರನ್ನು ಮೂಢರೆನ್ನುವುದು ಅನ್ಯಾಯ. ಆದರೆ ಕೊಬ್ಬು ಕೂಡಿಕೊಳ್ಳುವುದು ಮುಖ್ಯವಾಗಿ ಬಸುರಿನ ನಡುವಿನ ತಿಂಗಳುಗಳಲ್ಲಿ, ಕೂಸು ಬಲಿಯುವುದು ಕೊನೆಯ ಮೂರು ತಿಂಗಳಲ್ಲಿ. ಸೀಮಂತದ ಹೋಳಿಗೆಯ ಹೊತ್ತಿಗೆ ಬುತ್ತಿಯ ಬಹುಭಾಗ ಕಟ್ಟಿ ಆಗಿರಬೇಕು.

ಇಷ್ಟೆಲ್ಲ ಕೊರತೆಯ ನಡುವೆಯೂ ಸೊರಗಿದ ತಾಯಿಯ ಎದೆಯಲ್ಲಿ ಹಾಲು ಬತ್ತುವುದಿಲ್ಲ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ, ಕೆನೆಬಾ ಎಂಬ ಹಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಬ್ರಿಟಿಷ್ ಸಂಶೋಧಕರು ದಶಕಗಟ್ಟಲೆ ಇದನ್ನು ಅಳೆದರು. ಹಾಲುಣಿಸುವ ತಾಯಂದಿರಿಗೆ ಹೆಚ್ಚುವರಿ ಆಹಾರ ಕೊಟ್ಟಾಗ ಹಾಲಿನ ಪ್ರಮಾಣ ಹೆಚ್ಚಲಿಲ್ಲ. ಬಸುರಿನಲ್ಲೇ ಶಕ್ತಿಯುತ ಬಿಸ್ಕತ್ತು ಕೊಟ್ಟಾಗ ಮಾತ್ರ ಫಲ ಕಂಡಿತು: 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಸಿವಿನ ಕಾಲದಲ್ಲಿ ಹುಟ್ಟಿದ ಕೂಸುಗಳ ತೂಕ ಸರಾಸರಿ 201 ಗ್ರಾಂ ಏರಿತು. ತಡವಾಗಿ ಬಡಿಸಿದ ಅನ್ನ ಬಸುರಿನ ಅನ್ನಕ್ಕೆ ಸಮವಲ್ಲ. ತೀರಾ ಬರಗಾಲ ಬಡಿದ ಹೊರತು ಹಾಲಿನ ಪ್ರಮಾಣ, ಸಕ್ಕರೆ, ಪ್ರೊಟೀನು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ದೇಹ ಕೂಸಿನ ಪಾಲನ್ನು ಕಾಯ್ದು ತಾಯಿಯ ಪಾಲನ್ನು ಕಡಿತ ಮಾಡುತ್ತದೆ. ಕರಗುವುದು ಅವಳ ಸ್ನಾಯು, ಸೋಲುವುದು ಅವಳ ರಟ್ಟೆ.

ಈ ಕಾವಲಿಗೂ ಒಂದು ಬಿರುಕಿದೆ. ಬಿ ಗುಂಪಿನ ಹಲವು ವಿಟಮಿನ್‌ಗಳು, ವಿಟಮಿನ್ ಎ, ಅಯೋಡಿನ್ ತಾಯಿಯ ಊಟದಲ್ಲಿದ್ದರೆ ಮಾತ್ರ ಹಾಲಿಗೆ ಇಳಿಯುತ್ತವೆ. ಇಲ್ಲಿಯೇ ಬಾಣಂತನದ ಕಟ್ಟುನಿಟ್ಟಿನ ಪಥ್ಯ ಅಪಾಯ ತರುತ್ತದೆ. ಪಾಲಿಷ್ ಮಾಡಿದ ಅಕ್ಕಿಯ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಬೇಳೆ ವಾಯು, ತರಕಾರಿ ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬ ನಂಬಿಕೆ. ತಿಂಗಳುಗಟ್ಟಲೆ ಇಷ್ಟರಲ್ಲೇ ಕಳೆದ ತಾಯಿಯ ಹಾಲಿನಲ್ಲಿ ಥಯಾಮಿನ್, ಅಂದರೆ ಬಿ1, ತೀರಾ ಕಡಿಮೆಯಾಗುತ್ತದೆ. ಎರಡು-ಮೂರು ತಿಂಗಳ, ನೋಡಲು ದುಂಡಗಿರುವ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ದನಿ ಕುಗ್ಗುತ್ತದೆ, ಏದುಸಿರು ಬಿಡುತ್ತದೆ, ಹೃದಯ ಸೋಲುತ್ತದೆ. ಬೆಂಗಳೂರಿನ ಹೃದ್ರೋಗ ತಜ್ಞರು ಇಂಥ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಸಕಾಲಕ್ಕೆ ಥಯಾಮಿನ್ ಚುಚ್ಚಿದರೆ ಕೂಸು ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತದೆ. ಬಾಣಂತನದ ಎಲ್ಲವೂ ತಪ್ಪಲ್ಲ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಕೊಬ್ಬರಿ-ಒಣಹಣ್ಣಿನ ಅಂಟಿನುಂಡೆ, ತುಪ್ಪ ಇವೆಲ್ಲ ಬರಿದಾದ ಬುತ್ತಿಯನ್ನು ತುಂಬುವ ಬುದ್ಧಿಯಿಂದಲೇ ಬಂದವು. ಬಿಡಬೇಕಾದದ್ದು ಬೇಳೆ, ಕಾಳು, ತರಕಾರಿ, ನೀರಿನ ಮೇಲಿನ ನಿಷೇಧವನ್ನು.

ತೂಕ ಮಿತಿ ಮೀರಿದಾಗ ತೊಂದರೆಯ ಬಗೆ ಬೇರೆ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕುಸಿಯುತ್ತದೆ, ಅದರ ಬೆನ್ನಿಗೆ ಎರಡು-ಮೂರು ದಿನಗಳಲ್ಲಿ ಎದೆ ತುಂಬಿ ಹಾಲು ಇಳಿಯುತ್ತದೆ. ಅಲ್ಲಿಯವರೆಗೆ ಬರುವುದು ಹಳದಿ ಬಣ್ಣದ ಗಿಣ್ಣುಹಾಲು, ಮೊದಲ ದಿನ ಕೆಲವು ಚಮಚದಷ್ಟೇ. ಸ್ಥೂಲಕಾಯದ ತಾಯಂದಿರಲ್ಲಿ ಕೂಸು ಚೀಪಿದಾಗ ಏರಬೇಕಾದ ಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ ಮೊದಲ ವಾರದಲ್ಲಿ ಅಷ್ಟು ಏರುವುದಿಲ್ಲವೆಂದು ಸಂಶೋಧಕಿ ಕ್ಯಾಥ್ಲೀನ್ ರಾಸ್ಮುಸ್ಸೆನ್ 2004ರಲ್ಲಿ ತೋರಿಸಿದರು. ಅವರಲ್ಲಿ ಹಾಲು ತಡವಾಗಿ ಇಳಿಯುತ್ತದೆ. ಸಿಸೇರಿಯನ್ ಮತ್ತು ಸಕ್ಕರೆ ಕಾಯಿಲೆ ಜೊತೆಗೂಡಿದರೆ ಇನ್ನೂ ತಡ. ಮೂರನೆಯ ರಾತ್ರಿ ಕೂಸು ಅಳುತ್ತಿರುತ್ತದೆ, ಬಂಧುಗಳು ‘ಹಾಲೇ ಇಲ್ಲ’ ಎನ್ನುತ್ತಾರೆ, ಡಬ್ಬಿ ಪುಡಿ ಬರುತ್ತದೆ. ಕೂಸು ಚೀಪುವುದು ಕಡಿಮೆಯಾದಂತೆ ಹಾಲೂ ನಿಜಕ್ಕೂ ಕಡಿಮೆಯಾಗುತ್ತದೆ. ಇಂಥ ತಾಯಿಗೆ ಬೇಕಾದದ್ದು ಮೊದಲ ಗಂಟೆಯಲ್ಲೇ ಕೂಸನ್ನು ಎದೆಗೆ ಕೊಡುವ ದಾದಿ ಮತ್ತು ನಾಲ್ಕು ದಿನದ ತಾಳ್ಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮೊದಲ ಗಂಟೆಯಲ್ಲಿ ಎದೆಹಾಲು ಕಂಡ ಕೂಸುಗಳು ನೂರಕ್ಕೆ 42 ಮಾತ್ರ.

ಕೂಸಿನ ತೂಕ ಮೊದಲ ದಿನಗಳಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಹುಟ್ಟಿದ ತೂಕಕ್ಕೆ ಮರಳುತ್ತದೆ. ಆಮೇಲೆ ದಿನಕ್ಕೆ 25ರಿಂದ 30 ಗ್ರಾಂನಂತೆ ಏರಿ, ಐದು ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮೂರು ಪಟ್ಟಾಗುತ್ತದೆ. ಅಂಗನವಾಡಿಯ ಕೊಕ್ಕೆ ತಕ್ಕಡಿಗೆ ತೂಗುಹಾಕಿ ನೋಡುವ ಈ ಏರಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ನಕ್ಷೆಗೆ ಹೋಲಿಸಲಾಗುತ್ತದೆ. ಎದೆಹಾಲು ಕುಡಿದ ಮಕ್ಕಳನ್ನೇ ಅಳೆದು ಮಾಡಿದ ನಕ್ಷೆ ಅದು, ಅಳೆದ ಆರು ಊರುಗಳಲ್ಲಿ ದೆಹಲಿಯೂ ಒಂದು. ಹಾಲು ಸಾಕೇ ಎಂಬ ಪ್ರಶ್ನೆಗೆ ಅಳು ಸಾಕ್ಷಿಯಲ್ಲ, ಈ ಗೆರೆ ಸಾಕ್ಷಿ.

ಆರಂಭದ ತೂಕದ ನೆರಳು ಎಷ್ಟು ಉದ್ದವೆಂಬುದನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳು ತೋರಿಸಿವೆ. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಎರಡೂವರೆ ಕಿಲೊ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೊ ಮೇಲ್ಪಟ್ಟವರಲ್ಲಿ ಅದು ನೂರಕ್ಕೆ 3. 45 ದಾಟಿದವರನ್ನು ನೋಡಿದರೆ, ಬಸುರಿನಲ್ಲಿ ಕಡಿಮೆ ತೂಗುತ್ತಿದ್ದ ತಾಯಂದಿರ ಮಕ್ಕಳಲ್ಲೂ ರೋಗ ಹೆಚ್ಚಾಗಿತ್ತು.

ಕರ್ನಾಟಕದಲ್ಲಿ 2017ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಬಸುರಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಊಟವಿದೆ. ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂಬ ಮನೆಗಳಲ್ಲಿ ಆ ತಟ್ಟೆ ಅವಳಿಗೆ ತಲುಪುವುದು ಕಷ್ಟ. ಬಡಿಸುವ ಜಾಗದ ಬಗ್ಗೆ ಸರ್ಕಾರ ಸಡಿಲವಾಗಿ ಯೋಚಿಸುವುದು ಲೇಸು. ಹಾಲುಣಿಸುವ ತಾಯಿ ತಿಂಗಳಿಗೆ ಅರ್ಧದಿಂದ ಒಂದು ಕಿಲೊ ಇಳಿಯುವುದು ಬುತ್ತಿ ಕರಗುತ್ತಿರುವುದರ ಲಕ್ಷಣ, ಅದಕ್ಕೆ ಗಾಬರಿ ಬೇಡ. ಕರಗಿದ್ದು ಮತ್ತೆ ಕೂಡಲು ಕಾಲ ಬೇಕು. ಹೆರಿಗೆಗೂ ಮುಂದಿನ ಬಸುರಿಗೂ ನಡುವೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇದೂ ಒಂದು ಕಾರಣ. ಎದೆಯಲ್ಲಿ ಒಂದು ಕೂಸಿರುವಾಗಲೇ ಹೊಟ್ಟೆಯಲ್ಲಿ ಇನ್ನೊಂದು ನಿಂತರೆ, ಎರಡನೆಯದರ ಬುತ್ತಿ ಕಟ್ಟಲು ಮೊದಲನೆಯದರ ಪಾತ್ರೆಯೇ ಇನ್ನೂ ಖಾಲಿ ಇರುತ್ತದೆ.