ಮೂಗಿಗೆ ಗೆರೆಯಿಲ್ಲ

ಪೆನ್ಸಿಲ್ ಹಿಡಿದು ಮುಖ ಬರೆಯಲು ಕೂತ ಹೊಸಬರು ಮೊದಲು ಎಡವುವುದು ಮೂಗಿನಲ್ಲಿ. ಎರಡು ಪಕ್ಕ ಎರಡು ಗೆರೆ ಎಳೆದುಬಿಡುತ್ತಾರೆ. ಎದುರಿಗಿರುವವರ ಮೂಗನ್ನು ಸರಿಯಾಗಿ ನೋಡಿ, ಅಲ್ಲಿ ಗೆರೆಯೇ ಇಲ್ಲ. ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು. ಅವೆರಡೂ ಸೇರುವ ತಿರುವನ್ನು ಕಾಗದಕ್ಕೆ ಇಳಿಸುವುದೇ ಶೇಡಿಂಗ್.

ತುಮಕೂರು ರಸ್ತೆಯ ನಮ್ಮ ಮಾಕಳಿ ಕಡೆಯವರು ಈ ಕೆಲಸವನ್ನು ಕಣ್ಣಾರೆ ಕಾಣಬೇಕೆಂದರೆ ಕುಮಾರಕೃಪಾ ರಸ್ತೆಗೆ ಹೋಗಬೇಕು. 1960ರಲ್ಲಿ ಶುರುವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಅಲ್ಲಿ ವರ್ಷಕ್ಕೊಮ್ಮೆ ಚಿತ್ರಸಂತೆ ನಡೆಸುತ್ತದೆ; 2025ರ ಜನವರಿಯಲ್ಲಿ ನಡೆದದ್ದು 22ನೆಯದು. ಬಣ್ಣದ ಕ್ಯಾನ್ವಾಸುಗಳ ನಡುವೆ ಸ್ಟೂಲ್ ಹಾಕಿಕೊಂಡು, ಬಂದವರ ಮುಖವನ್ನು ಅಲ್ಲೇ ಬರೆದುಕೊಡುವ ಕಲಾವಿದರ ಬೆನ್ನ ಹಿಂದೆಯೇ ನಾನು ಹೆಚ್ಚು ಹೊತ್ತು ನಿಲ್ಲುವುದು.

ಸಾಮಾನು ಬಹಳ ಬೇಡ: ಎಚ್‌ಬಿ, 2ಬಿ, 6ಬಿ ಪೆನ್ಸಿಲ್, ರಬ್ಬರ್, ಡ್ರಾಯಿಂಗ್ ಶೀಟ್. ಮೆಂಡರಿಗಿಂತ ಬ್ಲೇಡೇ ಮೇಲು. ಉದ್ದಕ್ಕೆ ಕೆತ್ತಿದ ಮೊನೆಯನ್ನು ಓರೆಯಾಗಿ ಆಡಿಸಿದರೆ ನೆರಳು ಹದವಾಗಿ ಕೂರುತ್ತದೆ. ಸೀಸದ ಕಡ್ಡಿ ಎನ್ನುತ್ತೇವೆ, ಒಳಗೆ ಸೀಸವಿಲ್ಲ. ಇರುವುದು ಇಂಗಾಲದ ರೂಪವಾದ ಗ್ರಾಫೈಟ್. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಸಿಗದಾದಾಗ, 1795ರಲ್ಲಿ ಫ್ರಾನ್ಸಿನ ಕಾಂಟೆ ಅದರ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡಿದ. ಮಣ್ಣು ಹೆಚ್ಚಿದ್ದರೆ ಕಡ್ಡಿ ಗಟ್ಟಿ, ಗೆರೆ ತೆಳು. ಗ್ರಾಫೈಟ್ ಹೆಚ್ಚಿದ್ದರೆ ಮೆದು, ಕಪ್ಪು.

ಕಣ್ಣಿನ ಜಾಗ ನೆತ್ತಿಗೂ ಗಲ್ಲಕ್ಕೂ ಸರಿಯಾಗಿ ನಡುವೆ. ಇದನ್ನು ನಂಬದೆ ಮೇಲಕ್ಕೆ ಬರೆದವರ ಚಿತ್ರದಲ್ಲಿ ಹಣೆ ಮಾಯವಾಗುತ್ತದೆ. ಕಣ್ಣು ಅರೆಮುಚ್ಚಿ ನೋಡಿದರೆ ಚಿಕ್ಕಪುಟ್ಟ ವಿವರ ಮಸುಕಾಗಿ, ಕಪ್ಪು ಎಲ್ಲಿ ಒತ್ತಾಗಿದೆ ಎಂಬುದು ತಿಳಿಯುತ್ತದೆ: ಕೆಳತುಟಿಯ ಅಡಿ, ಗಲ್ಲದ ಕೆಳಗೆ, ಕಿವಿಯ ಹಿಂದೆ. ಬೆರಳಿನಿಂದ ಮಾತ್ರ ತಿಕ್ಕಬೇಡಿ. ಬೆರಳಿನ ಜಿಡ್ಡು ತಗುಲಿದ ಕಡೆ ಕಾಗದ ಕಲೆಗಟ್ಟುತ್ತದೆ. ಅಂಗೈ ಕೆಳಗೊಂದು ಬಿಳಿ ಹಾಳೆ ಇರಲಿ. ಪಾಪೆಯ ಮೇಲಿನ ಮಿನುಗನ್ನು ಯಾರೂ ಬರೆಯುವುದಿಲ್ಲ. ಸುತ್ತ ಕಪ್ಪು ತುಂಬಿ, ಎಳ್ಳುಕಾಳಿನಷ್ಟು ಕಾಗದ ಬಿಟ್ಟಿರುತ್ತಾರೆ, ಅಷ್ಟೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಮೊಬೈಲ್ ಫೋಟೊ ನೋಡಿ ಬರೆಯುವುದೇ ರೂಢಿ. ಫ್ಲ್ಯಾಶ್ ಬಿದ್ದ ಫೋಟೊದಲ್ಲಿ ಮುಖದ ನೆರಳೆಲ್ಲ ಹೋಗಿರುತ್ತದೆ. ಕಲಿಯುವವರಿಗೆ ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿಕೊಳ್ಳುವುದೇ ಒಳ್ಳೆಯದು.

ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಮಾದಾವರದವರೆಗೆ ಮೆಟ್ರೊ ಬಂದಿದೆ. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಿರಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಅವರ ಮುಖ ಬರೆಸಿಕೊಂಡು ಬನ್ನಿ.